ತಾನಾಗಿ ಬೆಳೆಯುವ ತಂತಿಗಳು

ಅವನು ಕತ್ತಲ ಕೋಣೆಯ ಬಾಗಿಲು ತೆರೆದು ದೀಪ ಹಾಕಿದ್ದೇ ತಡ, ಒಳಗಿನಿಂದ ಹೆಣ್ಣುದನಿಯೊಂದು ಕಿರುಚಿತು. "ಅಯ್ಯೋ, ಲೈಟ್ ಆರಿಸ್ರೀ!"

ಅವನು ಗಾಬರಿಯಿಂದ ಕಣ್ಣು ಮುಚ್ಚಿಕೊಂಡೇ ಗೋಡೆ ತಡಕಾಡಿ ದೀಪ ಆರಿಸಿದ. "ಸಾರಿ ಮೇಡಂ! ನಿಮ್ಮಾಣೆ, ನಾನು ಏನೂ ನೋಡಿಲ್ಲ!"

"ನೋಡೋಕೆ ಇಲ್ಲೇನಿತ್ತು? ನನ್ನ ತಂತಿಗಳು ಹಾಳಾದ್ವಲ್ರೀ!"

ಆಕೆ ಆ ಲ್ಯಾಬಿನ ರಸಾಯನಶಾಸ್ತ್ರಜ್ಞೆ. ಎಲ್ಲರ ಬಾಯಲ್ಲೂ 'ತಂತಿ ಮೇಡಂ'. ಅವಳು ಬೆಳೆಸುತ್ತಿದ್ದದ್ದು ಲೋಹದ ತಂತಿಯಲ್ಲ. ಇಂಗಾಲದ ಅಣುಗಳನ್ನು ಕರಗಿಸಿ ಕತ್ತಲಲ್ಲಿಟ್ಟರೆ, ಅವು ತಾವಾಗಿಯೇ ಒಂದರ ಮೇಲೊಂದು ಕೂತು, ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳಾಗುತ್ತಿದ್ದವು. ಬೆಳೆಯುವಾಗ ಬೆಳಕು ಬಿದ್ದರೆ ಕೆಡುತ್ತಿದ್ದವು. ಬೆಳೆದು ಮುಗಿದ ಎಳೆಯನ್ನು ಎರಡು ಚಿನ್ನದ ಪಟ್ಟಿಗಳ ನಡುವೆ ಮಲಗಿಸಿ ಬೆಳಕು ಬಿಟ್ಟರೆ ಕರೆಂಟು ಹರಿಯುತ್ತಿತ್ತು. ಬೆಳಕು ತೆಗೆದರೆ ನಿಲ್ಲುತ್ತಿತ್ತು. ಆ ಕರೆಂಟನ್ನು ಅಳೆಯಲೆಂದು ಹೊಸದಾಗಿ ಸೇರಿದ ಇಂಜಿನಿಯರ್ ಇವನು. ಸ್ವಲ್ಪ ದಿನದಲ್ಲೇ ಇವನಿಗೂ 'ಮೀಟರ್' ಎಂದು ಹೆಸರು ಬಿತ್ತು.

ಹಾಳು ಮಾಡಿದ್ದಕ್ಕೆ ಶಿಕ್ಷೆಯೆಂಬಂತೆ, ಮುಂದಿನ ಸಲ ತಂತಿ ಬೆಳೆಸುವಾಗ ಅವಳು ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ತಂತಿಗಳನ್ನು ಕೆಡಿಸದಂಥ ಮಂದ ಹಳದಿ ದೀಪವೊಂದು ಉರಿಯುತ್ತಿತ್ತು. ಸೂಕ್ಷ್ಮದರ್ಶಕ ಒಂದೇ. ನೋಡುವ ಸರದಿಗಾಗಿ ಭುಜಕ್ಕೆ ಭುಜ ತಾಗುತ್ತಿತ್ತು.

"ಯಾರೂ ಹೇಳದೆ ಇವು ಹೇಗೆ ಹೀಗೆ ಹತ್ತಿರ ಬರ್ತವೆ?" ಅವನು ಕೇಳಿದ.

"ಸುಮ್ಮನೆ ಬಿಡಬೇಕು. ಅವಸರ ಮಾಡಿದ್ರೆ ಮುದ್ದೆ ಆಗ್ತವೆ."

"ನಾನು ಅವಸರ ಮಾಡ್ತಾ ಇಲ್ಲಪ್ಪ."

"ನಾನು ತಂತಿ ವಿಷಯ ಹೇಳಿದ್ದು."

"ನಾನೂ ಅದನ್ನೇ ಹೇಳಿದ್ದು," ಎಂದ. ಅವಳು ಕಣ್ಣು ಎತ್ತಲಿಲ್ಲ. ಆದರೆ ಕಿವಿಯ ತುದಿ ಕೆಂಪಾದದ್ದನ್ನು ಅವನು ನೋಡಿಬಿಟ್ಟ.

ಆಮೇಲೆ 'ರೀ' ಹೋಯಿತು, 'ಮೇಡಂ' ಹೋಯಿತು. ಅವನು ಮನೆಗೆ ಬಂದು ಅವಳ ಅಮ್ಮನ ಮಿಕ್ಸಿ ರಿಪೇರಿ ಮಾಡಿಕೊಟ್ಟ. ಅಮ್ಮ ಅಡುಗೆಮನೆಯಲ್ಲಿ ಮಗಳ ಕೆನ್ನೆ ಹಿಂಡಿ, "ಹುಡುಗ ಚೆನ್ನಾಗಿದ್ದಾನೆ ಕಣೆ, ಕಳ್ಕೋಬೇಡ," ಎಂದಳು.

ಮದುವೆಗೆ ಅಡ್ಡವಾಗಿದ್ದದ್ದು ಒಂದೇ: ಇಬ್ಬರ ಕೆಲಸವೂ ತಾತ್ಕಾಲಿಕ. ದೊಡ್ಡ ಸಂಸ್ಥೆಯೊಂದು ಅವನಿಗೆ ಕಾಯಂ ಹುದ್ದೆ ಕೊಡಲು ಮುಂದೆ ಬಂದಿತ್ತು. ಆದರೆ ತಂತಿ ಬೆಳಕಿನಲ್ಲಿ ತಿಂಗಳುಗಟ್ಟಲೆ ಬಾಳುತ್ತದೆಂದು ಅವನು ತೋರಿಸಬೇಕಿತ್ತು. ಅವಳ ತಂತಿಗಳೋ, ಕೆಲವೇ ದಿನಗಳಲ್ಲಿ ಸೋತು ಮಲಗುತ್ತಿದ್ದವು.

ಅಷ್ಟರಲ್ಲಿ ಅಮ್ಮನಿಗೆ ಆಪರೇಷನ್ ಆಯಿತು. ಅವಳು ಮೂರು ತಿಂಗಳು ರಜೆ ಹಾಕಿ ಆಸ್ಪತ್ರೆ, ಮನೆ ಎಂದು ಓಡಾಡುತ್ತಿದ್ದಾಗ ಅವನು ಫೋನ್ ಮಾಡಿ ಕುಣಿದಾಡಿದ. "ನಿಂತಿದೆ ಕಣೆ! ನಿನ್ನ ತಂತಿ ಇನ್ನೂ ಗಟ್ಟಿಯಾಗಿ ನಿಂತಿದೆ!" ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವಳು ಖುಷಿಗೆ ಅತ್ತುಬಿಟ್ಟಳು.

ಮತ್ತೆ ಕೆಲಸಕ್ಕೆ ಬಂದ ದಿನ ಅವನು ಲ್ಯಾಬಿನವರಿಗೆಲ್ಲ ಫಲಿತಾಂಶ ತೋರಿಸುತ್ತಿದ್ದ. ಪರದೆಯ ಮೇಲೆ ಎರಡು ಚಿತ್ರ: ಮೊದಲ ದಿನದ ತಂತಿ, ಮೂರು ತಿಂಗಳ ನಂತರದ ತಂತಿ. ಪ್ರೊಫೆಸರ್ ಚಪ್ಪಾಳೆ ತಟ್ಟಿದರು. ಅವಳ ಕೈ ಮಾತ್ರ ಅರ್ಧಕ್ಕೇ ನಿಂತಿತು. ಮೊದಲ ತಂತಿ ತುದಿಯಲ್ಲಿ ಎಡಕ್ಕೆ ಬಾಗಿತ್ತು. ಎರಡನೆಯದು ನೆಟ್ಟಗಿತ್ತು.

ಎಲ್ಲರೂ ಹೋದ ಮೇಲೆ ಕೇಳಿದಳು. "ಅದು ಆ ತಂತಿ ಅಲ್ಲ ಅಲ್ವಾ?"

ಅವನು ಲ್ಯಾಪ್‌ಟಾಪ್ ಮುಚ್ಚಿದ. "ಹಳೇದು ಸತ್ತಾಗೆಲ್ಲ ಹೊಸದು ಹಾಕಿದೆ. ನಮ್ಮಿಬ್ಬರಿಗೋಸ್ಕರ ಮಾಡಿದ್ದು ಕಣೆ."

"ನನ್ನನ್ಯಾಕೆ ಅದರೊಳಗೆ ಎಳೀತೀಯ? ಸರ್ ಹತ್ರ ನೀನೇ ಹೋಗಿ ಹೇಳು."

"ಕೆಲಸಕ್ಕೆ ಸೇರ್ಕೋತೀನಿ, ಆಮೇಲೆ ಹೇಳ್ತೀನಿ. ಸ್ವಲ್ಪ ತಾಳ್ಮೆ ಇರ್ಲಿ."

ಅವಳು ತಾಳಿದಳು. ದಿನಾ ಬೆಳಿಗ್ಗೆ ಅವನ ಮುಖ ನೋಡಿ ಕಾದಳು. ಅವನು ತಮಾಷೆ ಮಾಡಿದ, ಟೀ ತಂದುಕೊಟ್ಟ, ಬಾಡಿಗೆ ಮನೆಗಳ ಫೋಟೋ ತೋರಿಸಿದ. ಆ ಒಂದು ಮಾತನ್ನು ಮಾತ್ರ ಎತ್ತಲಿಲ್ಲ. ಆ ಫಲಿತಾಂಶದ ಸಂಶೋಧನಾ ಲೇಖನ ಅಚ್ಚಿಗೆ ಹೋಗುವ ಹಿಂದಿನ ದಿನ, ಅವಳೇ ಪ್ರೊಫೆಸರ್ ಬಾಗಿಲು ತಟ್ಟಿದಳು.

ಲೇಖನ ನಿಂತಿತು. ಹುದ್ದೆ ಕೈತಪ್ಪಿತು. ಅವನಿಗೆ ಇದ್ದ ಕೆಲಸವೂ ಹೋಯಿತು.

"ಬಾಯಿ ಮುಚ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಅಮ್ಮ ಕೇಳಿದಳು. ಏನು ಹೋಗುತ್ತಿತ್ತೆಂದು ಮಗಳಿಗೆ ಗೊತ್ತಿತ್ತು.

ಅವನು ಊರು ಬಿಡುವ ಮಧ್ಯಾಹ್ನ ಅವಳು ಬಸ್ ಸ್ಟಾಪಿಗೆ ಹೋದಳು. ಅವನ ಗಡ್ಡ ಬೆಳೆದಿತ್ತು. ಬೈಯುತ್ತಾನೆ ಎಂದುಕೊಂಡಿದ್ದಳು; ಬೈಯಲಿಲ್ಲ.

"ಒಂದೇ ಮಾತು," ಅವಳೆಂದಳು. "ನಾನು ಇನ್ನೂ ಕಾದಿದ್ರೆ, ನೀನೇ ಹೇಳ್ತಿದ್ದೆ ತಾನೆ?"

ಹೂಂ ಎನ್ನಲಿ ಎಂದು ಅವಳ ಜೀವವೆಲ್ಲ ಬೇಡಿಕೊಳ್ಳುತ್ತಿತ್ತು. ಸುಳ್ಳಾದರೂ ಸರಿ.

ಅವನು ಚೀಲ ಕೆಳಗಿಟ್ಟ. "ಇಲ್ಲ ಕಣೆ. ಹೇಳ್ತಿರಲಿಲ್ಲ. ನಿನ್ನನ್ನ ಮದುವೆ ಆಗಿ, ಜೀವನಪೂರ್ತಿ ನಿನ್ನ ಕಣ್ಣು ತಪ್ಪಿಸ್ಕೊಂಡು ಓಡಾಡ್ತಿದ್ದೆ. ನಿನ್ನನ್ನ ಬಿಡೋಕೆ ಮಾತ್ರ ಆಗ್ತಿರಲಿಲ್ಲ."

ಅವಳು ಅಭ್ಯಾಸಬಲದಿಂದ ಅವನ ಕಾಲರ್ ಸರಿಮಾಡಿದಳು. ಆ ಕೈಯನ್ನು ಅವನು ಒಂದು ಕ್ಷಣ ಹಿಡಿದುಕೊಂಡ, ಆಮೇಲೆ ಮೆಲ್ಲಗೆ ಕೆಳಗಿಳಿಸಿದ.

ಬಸ್ಸು ಬಂತು. ಅವನು ಹತ್ತಿದ. ಅವಳು ತುಟಿ ಕಚ್ಚಿ ನಿಂತಳು, ಕರೆಯಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಕರೆದಳು.