ಗಿಣಿಗೆ ಬಂದ ಬೊರ್ಬೊರಿಗ್ಮಿ

“ಅಯ್ಯೋ! ಅಮ್ಮಾ! ಸತ್ತೆ! ಸತ್ತೇ ಹೋದೆ!”

“ಇಷ್ಟು ಬೇಗ ಸಾಯಬೇಡ್ವೇ. ನಾನಿನ್ನೂ ಹೆಸರೇ ಕೇಳಿಲ್ಲ,” ಎಂದಳು ಅಕ್ಕ.

ಗಿಣಿ ಊಟದ ಮೇಜಿನ ಮೇಲೆ ಅಂಗಾತ ಮಲಗಿದ್ದಳು. ತಲೆಯ ಕೆಳಗೆ ಸೋಫಾದ ದಿಂಬು. ಅಕ್ಕ ಮೆಡಿಕಲ್ ಅಸಿಸ್ಟೆಂಟ್ ಕೋರ್ಸ್ ಸೇರಿದ ಮೇಲೆ ಆ ಮೇಜಿನ ಮೇಲೆ ಅನ್ನಕ್ಕಿಂತ ರೋಗಗಳೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿದ್ದವು. ರೋಗಿ ಮಾತ್ರ ಯಾವಾಗಲೂ ಒಬ್ಬಳೇ. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುತ್ತಾಳೆಂದು ಅವಳಿಗೆ ಮನೆಯಲ್ಲೂ ಶಾಲೆಯಲ್ಲೂ ಗಿಣಿ ಎಂಬ ಹೆಸರು ಬಿದ್ದಿತ್ತು. ಒಂದು ರೋಗಕ್ಕೆ ಒಂದು ಕ್ರೀಮ್ ಬಿಸ್ಕತ್ತು ಎಂದು ಅಕ್ಕತಂಗಿಯರಲ್ಲಿ ಒಪ್ಪಂದವಾಗಿತ್ತು.

“ಹೇಳಿ, ನಿಮಗೆ ಏನಾಗ್ತಿದೆ?” ಅಕ್ಕ ಪೆನ್ನು ಹಿಡಿದಳು. ರೋಗಿಯಾಗಿದ್ದಾಗ ಮಾತ್ರ ಗಿಣಿಗೆ ಮನೆಯಲ್ಲಿ ಈ ಮರ್ಯಾದೆ.

“ಡಾಕ್ಟ್ರೇ, ಹೊಟ್ಟೆ ಒಳಗೆ ಯಾರೋ ಕುರ್ಚಿ ಎಳೆದ ಹಾಗಾಗ್ತಿದೆ.”

“ನಾನು ಡಾಕ್ಟ್ರಲ್ಲ, ಅಸಿಸ್ಟೆಂಟು. ನಾವು ರೋಗಕ್ಕೆ ಹೆಸರಿಡೋ ಹಾಗಿಲ್ಲ. ಕೇಳ್ಬೇಕು, ಬರೀಬೇಕು, ಡಾಕ್ಟ್ರಿಗೆ ಬೇಗ ಹೇಳ್ಬೇಕು.” ಹೀಗೆ ಹೇಳುತ್ತಲೇ ಅಕ್ಕ ಕಾಗದದ ಮೇಲೆ ‘ಅಬ್ಡಾಮಿನಲ್ ಡಿಸ್ಕಂಫರ್ಟ್’ ಎಂದು ಬರೆದಳು.

ಗಿಣಿ ಕತ್ತೆತ್ತಿ ನೋಡಿದಳು. “ಕುರ್ಚಿ ಎಲ್ಲಿ ಹೋಯ್ತು?”

“ಯಾವ ಕುರ್ಚಿ?”

“ನಾನು ಹೇಳಿದ್ದು. ರೋಗಿ ಹೇಳಿದ್ದನ್ನ ರೋಗಿ ಮಾತಲ್ಲೇ ಬರೀಬೇಕು ಅಂತ ನಿನ್ನೆ ನೀನೇ ಗಟ್ಟಿಯಾಗಿ ಬಾಯಿಪಾಠ ಮಾಡ್ತಿದ್ದೆ.”

“ಅದು ಥಿಯರಿ ಪೇಪರ್‌ಗೆ ಕಣೇ. ಇದು ಪ್ರಾಕ್ಟಿಕಲ್. ಎರಡನ್ನೂ ಕಲಸಬೇಡ.”

ಗಿಣಿ ಮತ್ತೆ ಮಲಗಿದಳು. ಬಿಸ್ಕತ್ತು ಅಕ್ಕನ ಕೈಯಲ್ಲಿದ್ದುದರಿಂದ ಜಾಸ್ತಿ ವಾದ ಮಾಡುವಂತಿರಲಿಲ್ಲ.

“ಈಗ ಬೇರೆ ಕೇಸ್. ಸರಿಯಾಗಿ ಆ್ಯಕ್ಟ್ ಮಾಡು,” ಎಂದಳು ಅಕ್ಕ. “ನೋವು ಮೊದಲು ಹೊಕ್ಕುಳ ಹತ್ರ. ಆಮೇಲೆ ಕೆಳಗಿಳಿದು ಬಲಗಡೆ ಬರುತ್ತೆ. ಊಟ ಸೇರಲ್ಲ. ವಾಂತಿ. ನಡೆದ್ರೆ, ಕೆಮ್ಮಿದ್ರೆ ನೋವು ಜಾಸ್ತಿ. ಇದು ಬಂದ್ರೆ ತಮಾಷೆ ಅಲ್ಲ. ಕಾಯೋ ಹಾಗೇ ಇಲ್ಲ.”

“ಇದಕ್ಕೆ ಎರಡು ಬಿಸ್ಕತ್ತು,” ಎಂದಳು ಗಿಣಿ.

ಅಕ್ಕನ ಕಾಯಿಲೆ ಮನೆಗೆಲ್ಲ ಹರಡಿತ್ತು. ಅಪ್ಪ ಬೆನ್ನು ಕೆರೆದುಕೊಂಡರೆ ‘ಪ್ರೂರೈಟಸ್’. ಬಿಕ್ಕಳಿಸಿದರೆ ‘ಸಿಂಗಲ್ಟಸ್’. ಮೊನ್ನೆ ಅಮ್ಮನಿಗೆ ನೀರು ನೆತ್ತಿಗೇರಿ ಕೆಮ್ಮು ಬಂದಾಗ ಅಕ್ಕ ಓಡಿದ್ದು ನೀರಿಗಲ್ಲ, ಪುಸ್ತಕಕ್ಕೆ. ಅಮ್ಮ ಕಣ್ಣೊರೆಸಿಕೊಂಡು, “ನೆತ್ತಿಗೆ ಹತ್ತಿದ್ರೆ ತಲೆ ತಟ್ತಾರೆ ಕಣೇ, ನಾಮಕರಣ ಮಾಡಲ್ಲ,” ಎಂದಿದ್ದಳು.

ಗಿಣಿಗೆ ಆ ಪದಗಳು ಬಹಳ ಹಿಡಿಸಿದ್ದವು. ಅವುಗಳಿಗೆ ಬಾಲಗಳಿದ್ದವು. ‘ಐಟಿಸ್’ ಎಂಬ ಬಾಲ ಇದ್ದರೆ ಒಳಗೆಲ್ಲೋ ಊದಿಕೊಂಡಿದೆ ಎಂದರ್ಥ. ‘ಆಲ್ಜಿಯಾ’ ಎಂದರೆ ನೋವು. ‘ಎಕ್ಟಮಿ’ ಎಂದರೆ ಕತ್ತರಿಸಿ ತೆಗೆಯುವುದು. ಬಾಲ ಗೊತ್ತಾದ ಮೇಲೆ ಯಾವ ತಲೆಗೆ ಬೇಕಾದರೂ ಅಂಟಿಸಬಹುದು. ಅವಳಿಗೂ ಅವಳ ಬೆಂಚಿನ ಗೆಳತಿ ಪೆನ್ಸಿಲ್‌ಗೂ ‘ಹೋಮ್‌ವರ್ಕೈಟಿಸ್’ ಬಂದು ವರ್ಷವಾಗಿತ್ತು. ಲೆಕ್ಕದ ಪೀರಿಯಡ್ಡಿನಲ್ಲಿ ‘ಮ್ಯಾಥ್ಸಾಲ್ಜಿಯಾ’. ಪೆನ್ಸಿಲ್ ಅಂದರೆ ಹೆಸರಿಗೆ ತಕ್ಕಂತೆ ಇದ್ದವಳು: ಸಣ್ಣಗೆ, ಉದ್ದಕ್ಕೆ. ಪಕ್ಕಕ್ಕೆ ತಿರುಗಿ ನಿಂತರೆ ಮಿಸ್ ಆಬ್ಸೆಂಟ್ ಹಾಕಿಬಿಡುತ್ತಾರೆ ಎಂದು ಗಿಣಿ ರೇಗಿಸುತ್ತಿದ್ದಳು.

ಆದರೆ ಎಲ್ಲಕ್ಕಿಂತ ಒಳ್ಳೆಯ ಪದ ಸಿಕ್ಕಿದ್ದು ಆ ಸಂಜೆ. ಬಿಸ್ಕತ್ತಿಗೆ ಕಾದು ಕಾದು ಗಿಣಿಯ ಹೊಟ್ಟೆ ‘ಗುರ್’ ಎಂದಿತು.

“ಬೊರ್ಬೊರಿಗ್ಮಿ!” ಎಂದಳು ಅಕ್ಕ ಸಂತೋಷದಿಂದ.

*

“ಹದಿನೇಳರ ಮಗ್ಗಿ. ಮಧ್ಯದಿಂದ ಕೇಳ್ತೀನಿ,” ಎಂದು ಮಿಸ್ ಬೋರ್ಡಿನ ಬಳಿ ನಿಂತರು. “ಗಿಣಿ, ಎದ್ದೇಳು.”

ಗಿಣಿ ಎದ್ದಳು. ಹದಿನೇಳರ ಮಗ್ಗಿ ಏಳಲಿಲ್ಲ. ಬಾಯಿ ತೆರೆದಾಗ ಬಂದದ್ದು ಬೇರೆ.

“ಮಿಸ್, ನನಗೆ ಬೊರ್ಬೊರಿಗ್ಮಿ.”

ಮಿಸ್ ಕೈಯಲ್ಲಿದ್ದ ಸ್ಕೇಲು ಇಳಿಯಿತು. ಹಾಗಂದರೇನು ಎಂದು ಕೇಳಬಹುದಿತ್ತು. ಆದರೆ ಅಷ್ಟು ಮಕ್ಕಳ ಮುಂದೆ ಮಿಸ್ ಒಬ್ಬರು ‘ಹಾಗಂದ್ರೆ?’ ಎಂದು ಕೇಳುವುದು ಹೇಗೆ?

“ಯಾ... ಯಾವಾಗಿಂದ?”

“ಬೆಳಿಗ್ಗೆಯಿಂದ ಮಿಸ್. ತಿಂಡಿಗೆ ಮುಂಚೆ ಜೋರಾಗಿತ್ತು.”

ಮಿಸ್ ಒಂದು ಹೆಜ್ಜೆ ಹಿಂದೆ ಸರಿದರು. ಪೆನ್ಸಿಲ್ ಬಾಯಿಗೆ ಕರ್ಚೀಫು ತುರುಕಿಕೊಂಡು ನಗು ತಡೆದಳು. ಮಿಸ್ ಗಿಣಿಯನ್ನು ನೇರ ಹೆಡ್‌ಮಾಸ್ಟರ ಕೋಣೆಗೆ ಕಳಿಸಿದರು.

ಹೆಡ್‌ಮಾಸ್ಟರು ಕನ್ನಡಕ ಏರಿಸಿ, ಇಳಿಸಿ, ಗಿಣಿಯನ್ನು ನೋಡಿದರು. “ಓ... ಅದಾ? ನಮ್ಮ ದೊಡ್ಡಪ್ಪನಿಗೂ ಇತ್ತು.”

“ಈಗ ಹೇಗಿದ್ದಾರೆ ಸಾರ್?”

“ಹೋಗಿಬಿಟ್ರು ಪಾಪ.”

ಗಿಣಿಗೆ ಒಂದು ಕ್ಷಣ ತನ್ನ ಹೊಟ್ಟೆಯ ಬಗ್ಗೆಯೇ ಭಯವಾಯಿತು.

ಸಿಕ್ ರೂಮಿನಲ್ಲಿ ಒಂದು ಮಂಚ, ಒಂದು ಸ್ಟೂಲು, ನಿಂತವರಿಗೆಲ್ಲ ಒಂದೇ ತೂಕ ತೋರಿಸುವ ಮೆಷಿನ್ನು ಇದ್ದವು. ಹೆಡ್‌ಮಾಸ್ಟರು ಕಿಟಕಿ ತೆರೆದರು. ಈ ರೋಗಕ್ಕೆ ಗಾಳಿ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಮತ್ತೆ ಮುಚ್ಚಿದರು. ಕೊನೆಗೆ ಅರ್ಧ ತೆರೆದಿಟ್ಟು ಹೋದರು.

ಮಗ್ಗಿಯ ಪೀರಿಯಡ್ಡು ಮುಗಿಯುವವರೆಗೆ ಗಿಣಿ ರಾಣಿಯ ಹಾಗೆ ಮಲಗಿದಳು.

ಮುಂದಿನ ವಾರ ಮಗ್ಗಿ ಮತ್ತೆ ಬಂತು. ಬೊರ್ಬೊರಿಗ್ಮಿಯೂ ಬಂತು. ಈ ಸಲ ಮಿಸ್ ಏನೂ ಕೇಳಲಿಲ್ಲ. “ಹೋಗಮ್ಮ, ಹುಷಾರಾಗಿ ಹೋಗು. ಓಡಬೇಡ,” ಎಂದರು. ಅವರು ಗಿಣಿಗೆ ಹಿಂದೆಂದೂ ‘ಅಮ್ಮ’ ಎಂದಿರಲಿಲ್ಲ.

ಮಂಚದ ಮೇಲೆ ಕಾಲು ಚಾಚಿ ಗಿಣಿ ಇನ್ನೂ ಸರಿಯಾಗಿ ಮಲಗಿರಲಿಲ್ಲ, ಬಾಗಿಲು ತೆರೆಯಿತು. ಮಿಸ್. ಅವರ ಹಿಂದೆ ಪೆನ್ಸಿಲ್.

“ಇವಳಿಗೆ ಹೊಟ್ಟೆನೋವಂತೆ!” ಎಂದರು ಮಿಸ್. “ಹದಿನೇಳೈದ್ಲಿ ಎಷ್ಟು ಅಂದೆ, ಹೊಟ್ಟೆ ಹಿಡ್ಕೊಂಡ್ಳು. ನನಗೇನು ಗೊತ್ತಾಗಲ್ವಾ? ಇಲ್ಲಿ ಸ್ಟೂಲ್ ಮೇಲೆ ಐದು ನಿಮಿಷ ಕೂತು ವಾಪಸ್ ಬಾ. ಅವಳ ಹತ್ರ ಹೋಗ್ಬೇಡ, ಅವಳಿಗೆ ನಿಜವಾಗ್ಲೂ ಹುಷಾರಿಲ್ಲ.”

ಬಾಗಿಲು ಮುಚ್ಚಿತು. ಗಿಣಿ ಕಿಸಕ್ಕನೆ ನಕ್ಕಳು.

“ದಡ್ಡಿ! ಬರೀ ಹೊಟ್ಟೆನೋವು ಅಂದ್ರೆ ಯಾರು ನಂಬ್ತಾರೆ? ಬಾಲ ಅಂಟಿಸ್ಬೇಕಿತ್ತು.”

ಪೆನ್ಸಿಲ್ ನಗಲಿಲ್ಲ. ಸ್ಟೂಲಿನ ಮೇಲೆ ಮುದುಡಿ ಕೂತಿದ್ದಳು. ಮುಖ ಹಳೆಯ ಸೀಮೆಸುಣ್ಣದ ಬಣ್ಣ. ಮೇಲ್ದುಟಿಯ ಮೇಲೆ ಬೆವರು.

“ಏ, ನಾಟಕ ಅಲ್ವಾ?”

ಪೆನ್ಸಿಲ್ ನಾಟಕವಲ್ಲವೆಂದು ತಲೆಯಾಡಿಸಿದಳು.

ಗಿಣಿ ಮಂಚದಿಂದ ಇಳಿದಳು. “ಇಲ್ಲಿ ಮಲಕ್ಕೊ.” ಪೆನ್ಸಿಲ್ ಗೋಡೆ ಹಿಡಿದು ಎರಡು ಹೆಜ್ಜೆ ಇಡುವಷ್ಟರಲ್ಲಿ ‘ಸ್’ ಎಂದು ಹಲ್ಲು ಕಚ್ಚಿದಳು.

ಏನು ಕೇಳಬೇಕೆಂದು ಗಿಣಿ ಯೋಚಿಸಬೇಕಾಗಲಿಲ್ಲ. ಸಂಜೆ ಸಂಜೆ ಮೇಜಿನ ಮೇಲೆ ಕೇಳಿಸಿಕೊಂಡ ಪ್ರಶ್ನೆಗಳು ತಾವಾಗಿಯೇ ಬಂದವು.

“ಎಲ್ಲಿ ನೋವು? ಬೆರಳಿಟ್ಟು ತೋರಿಸು.”

“ರಾತ್ರಿ ಹೊಕ್ಕುಳ ಹತ್ರ ಇತ್ತು. ಈಗ... ಇಲ್ಲಿಗೆ ಬಂದು ಕೂತಿದೆ.” ಬೆರಳು ಬಲಗಡೆ, ಕೆಳಗೆ.

“ಕೂತಿದ್ಯಾ?”

“ಹೂಂ ಕಣೇ. ಏನು ಮಾಡಿದ್ರೂ ಎದ್ದೇಳ್ತಿಲ್ಲ.”

“ತಿಂಡಿ?”

“ಸೇರಲಿಲ್ಲ. ಬಸ್ ಇಳಿದು ವಾಂತಿ ಮಾಡ್ದೆ. ನೀನು ನಗ್ತೀಯ ಅಂತ ಹೇಳ್ಲಿಲ್ಲ.”

ಗಿಣಿಯ ಕಿವಿಯಲ್ಲಿ ಅಕ್ಕನ ದನಿ ಕೇಳಿಸಿತು. ಕಾಯೋ ಹಾಗೇ ಇಲ್ಲ.

ಅವಳು ಓಡಿದಳು.

“ಏಯ್, ಏಯ್! ಅದನ್ನ ಇಟ್ಕೊಂಡು ಓಡ್ತಾರಾ?” ಹೆಡ್‌ಮಾಸ್ಟರು ಕುರ್ಚಿಯಿಂದ ಅರ್ಧ ಎದ್ದರು. ಮಿಸ್ ಅಲ್ಲೇ ಯಾವುದೋ ಸಹಿ ಹಾಕಿಸಿಕೊಳ್ಳುತ್ತಾ ನಿಂತಿದ್ದರು.

“ಸಾರ್, ಪೆನ್ಸಿಲ್‌ಗೆ ತುಂಬಾ ಹೊಟ್ಟೆನೋವು. ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.”

“ಅವಳಿಗೇನೂ ಇಲ್ಲ ಸಾರ್,” ಎಂದರು ಮಿಸ್. “ಅದು ಮಗ್ಗಿ ನೋವು. ಮಲಗಬೇಕಾದವಳು ಇವಳು. ಇವಳ ಮುಖ ನೋಡಿ!”

ಗಿಣಿಯ ನಾಲಿಗೆಯ ತುದಿಯಲ್ಲಿ ಒಂದು ಪದ ಬಂದು ನಿಂತಿತ್ತು. ಉದ್ದನೆಯದು, ಐಟಿಸ್ ಬಾಲದ್ದು. ಅದನ್ನು ಹೇಳಿಬಿಟ್ಟರೆ ಇಬ್ಬರೂ ನಂಬಿ ಓಡಿಬರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಹೆಸರಿಡುವುದು ಅಕ್ಕನಿಗೂ ಇಲ್ಲದ ಕೆಲಸ. ಮೇಲಾಗಿ, ಈ ಬಾಯಿಂದ ಬಂದ ಹಿಂದಿನ ಪದ ಎಂಥದ್ದು ಎಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

“ನನಗೇನೂ ಇಲ್ಲ ಸಾರ್,” ಎಂದಳು. “ಬೊರ್ಬೊರಿಗ್ಮಿ ಅಂದ್ರೆ ಹೊಟ್ಟೆ ಗುರ್ ಅನ್ನೋದು. ಹಸಿವಾದಾಗ ಎಲ್ಲರಿಗೂ ಆಗುತ್ತೆ. ನನಗೆ ಮಗ್ಗಿ ಬರಲ್ಲ, ಅದಕ್ಕೆ ಹೇಳ್ದೆ.”

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಊಟದ ಬೆಲ್ ಹೊಡೆಯುವ ಹೊತ್ತು ಹತ್ತಿರವಾಗಿತ್ತು. ಆ ನಿಶ್ಶಬ್ದದಲ್ಲಿ ಹೆಡ್‌ಮಾಸ್ಟರ ಅಂಗಿಯ ಗುಂಡಿಗಳ ಹಿಂದಿನಿಂದ ‘ಗುರ್ರ್ರ್’ ಎಂದು ಉದ್ದನೆಯ ಸದ್ದು ಕೇಳಿಸಿತು.

“ಅದೇ ಸಾರ್,” ಎಂದಳು ಗಿಣಿ.

ಮಿಸ್ ತಕ್ಷಣ ಕಿಟಕಿಯ ಕಡೆ ನೋಡಿದರು. ಹೆಡ್‌ಮಾಸ್ಟರು ಹೊಟ್ಟೆಯ ಮೇಲೆ ಫೈಲು ಇಟ್ಟುಕೊಂಡರು.

“ಆದ್ರೆ ಪೆನ್ಸಿಲ್‌ದು ಸುಳ್ಳಲ್ಲ ಸಾರ್.” ಗಿಣಿಗೆ ಈಗ ಅಳು ಬಂದಿತ್ತು. “ರಾತ್ರಿ ಹೊಕ್ಕುಳ ಹತ್ರ ಇತ್ತಂತೆ. ಈಗ ಬಲಗಡೆ ಕೆಳಗೆ ಬಂದು ಕೂತಿದೆಯಂತೆ. ಏನು ಮಾಡಿದ್ರೂ ಎದ್ದೇಳ್ತಿಲ್ಲವಂತೆ. ವಾಂತಿ ಆಗಿದೆ. ಎರಡು ಹೆಜ್ಜೆ ನಡೆಯೋಕೂ ಆಗ್ತಿಲ್ಲ. ಬಂದು ನೋಡಿ ಸಾರ್. ನನ್ನ ನಂಬಬೇಡಿ, ಅವಳನ್ನ ನೋಡಿ.”

ಹೆಡ್‌ಮಾಸ್ಟರು ಫೈಲು ಕೆಳಗಿಟ್ಟರು. ಹಿಂದೆಂದೂ ಅವರು ಅಷ್ಟು ಬೇಗ ಬೇಗ ನಡೆದದ್ದನ್ನು ಗಿಣಿ ನೋಡಿರಲಿಲ್ಲ. ಸಿಕ್ ರೂಮಿನಲ್ಲಿ ಪೆನ್ಸಿಲ್‌ಳನ್ನು ನೋಡಿದ್ದೇ ತಡ, ಮಿಸ್ ಅವಳ ಮನೆಗೆ ಫೋನ್ ಮಾಡಿದರು. ಹೆಡ್‌ಮಾಸ್ಟರು ತಮ್ಮ ಕಾರಿನ ಬೀಗದ ಕೈ ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು.

*

ಆ ಸಂಜೆ ಪೆನ್ಸಿಲ್‌ಳ ಅಮ್ಮ ಫೋನ್ ಮಾಡಿದ್ದರು. ಆಪರೇಷನ್ ಆಯಿತಂತೆ. ತಡಮಾಡಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ.

ಗಿಣಿ ಮೇಜಿನ ಮೇಲೆ ಮಲಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ದೊಡ್ಡಪ್ಪನ ವಿಷಯ ಬಂದಾಗ ಅಕ್ಕ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಮಂಚ, ಸ್ಟೂಲುಗಳ ವಿಷಯ ಬಂದಾಗ ಕೇಳದೆಯೇ ಬಿಸ್ಕತ್ತು ಕೊಟ್ಟಳು. ಗಿಣಿಗೆ ಬೇಕಾಗಲಿಲ್ಲ.

“ಏನಾಗ್ತಿದೆ ನಿನಗೆ?” ಎಂದಳು ಅಕ್ಕ. ಇವತ್ತು ‘ನಿಮಗೆ’ ಎನ್ನಲಿಲ್ಲ.

“ಹೊಟ್ಟೆಲಿ ಏನೋ ಒಂಥರಾ. ಮಂಚದ ಮೇಲೆ ನಾನೇ ಮಲಗಿದ್ದೆನಲ್ಲ, ಅದಕ್ಕೆ.”

ಅಕ್ಕ ಅಭ್ಯಾಸಬಲದಿಂದ ಪೆನ್ನು ಎತ್ತಿದಳು. ಸ್ವಲ್ಪ ಹೊತ್ತು ಅದು ಕಾಗದದ ಮೇಲೆ ಹಾಗೇ ನಿಂತಿತ್ತು. ಆಮೇಲೆ ಬರೆದಳು. ಗಿಣಿ ಕತ್ತೆತ್ತಿ ನೋಡಿದಳು. ‘ಹೊಟ್ಟೆಲಿ ಏನೋ ಒಂಥರಾ’ ಎಂದೇ ಇತ್ತು.

ಮರುದಿನ ಮಿಸ್ ಗಿಣಿಯನ್ನು ಎಬ್ಬಿಸಿದರು. “ಹದಿನೇಳರ ಮಗ್ಗಿ. ಏನು, ಇವತ್ತು ಯಾವ ಕಾಯಿಲೆಯೂ ಇಲ್ವಾ?”

“ಇಲ್ಲ ಮಿಸ್. ಹದಿನೇಳಾರ್ಲಿವರೆಗೆ ಬರುತ್ತೆ, ಆಮೇಲೆ ಬರಲ್ಲ, ಅಷ್ಟೇ.”

“ಬರೋವರೆಗೆ ಹೇಳು,” ಎಂದರು ಮಿಸ್. ಆಮೇಲೆ ಬೋರ್ಡು ಒರೆಸುತ್ತಾ, ಯಾರಿಗೂ ಅಲ್ಲವೆಂಬಂತೆ, “ಪೆನ್ಸಿಲ್‌ನ ನೋಡೋಕೆ ಹೋದ್ರೆ ನಾನು ಕೇಳ್ದೆ ಅಂತ ಹೇಳು,” ಎಂದರು.

ಭಾನುವಾರ ಆಸ್ಪತ್ರೆಗೆ ಹೋದಾಗ ಪೆನ್ಸಿಲ್ ದಿಂಬಿಗೆ ಒರಗಿ ಕೂತಿದ್ದಳು. ಇನ್ನಷ್ಟು ಸಣ್ಣಗಾಗಿದ್ದಳು. ಗಿಣಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

“ನಂಗೆ ಏನೋ ಮಾಡಿದ್ರಂತಲ್ಲೇ,” ಎಂದಳು ಪೆನ್ಸಿಲ್. “ಡಾಕ್ಟ್ರು ಬಂದು ಪಟಪಟ ಅಂತ ಹೇಳಿ ಹೋದ್ರು. ಅಮ್ಮ ‘ಹೂಂ ಹೂಂ’ ಅಂದ್ಳು. ಅವಳಿಗೂ ಅರ್ಥ ಆಗಿಲ್ಲ ಅನ್ಸತ್ತೆ. ಏನದು?”

ಗಿಣಿಗೆ ಗೊತ್ತಿತ್ತು. ಉದ್ದನೆಯ ತಲೆ, ‘ಎಕ್ಟಮಿ’ ಬಾಲ. ಬಾಯಿ ತೆರೆದಳು. ಪೆನ್ಸಿಲ್‌ಳ ಕಣ್ಣು ಅವಳ ಬಾಯಿಯನ್ನೇ ನೋಡುತ್ತಿತ್ತು, ಸ್ವಲ್ಪ ಹೆದರಿಕೊಂಡು.

“ನಿನ್ನ ಹೊಟ್ಟೆ ಒಳಗೆ ಒಂದು ಪುಟ್ಟ ಬಾಲ ಇತ್ತು,” ಎಂದಳು ಗಿಣಿ. “ಎಲ್ಲರಿಗೂ ಇರುತ್ತೆ. ನಿಂದು ಊದ್ಕೊಂಡಿತ್ತು. ಕತ್ತರಿಸಿ ತೆಗೆದ್ರು. ಅಷ್ಟೇ.”

“ಅಷ್ಟೇನಾ?”

“ಅಷ್ಟೇ.”

ಪೆನ್ಸಿಲ್ ಗಿಣಿಯ ಕಡೆ ಬೆರಳು ತೋರಿಸಿದಳು. “ಹಾಗಾದ್ರೆ ಈಗ ನನಗೆ ಬಾಲ ಇಲ್ಲ. ನಿನಗಿದೆ. ಕೋತಿ!”

ಗಿಣಿ ನಕ್ಕಳು. ಪೆನ್ಸಿಲ್‌ಗೂ ನಗು ಬಂತು. ಎರಡೂ ಕೈಯಲ್ಲಿ ಹೊಟ್ಟೆ ಒತ್ತಿಕೊಂಡು, “ನಗಿಸಬೇಡ್ವೇ, ಹೊಲಿಗೆ ಎಳೆಯುತ್ತೆ,” ಎಂದಳು.

“ಎಲ್ಲಿ? ತೋರಿಸು,” ಎಂದು ಗಿಣಿ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.