ಹಿಂದಕ್ಕೆ ಹೋದ ತಾರೀಖು

ಕಂಪ್ಯೂಟರ್ ಹೊತ್ತಿ ಉರಿದು ಹುಡುಗಿಯ ಎರಡೂ ಕೈ ಸುಟ್ಟವು. ತಪ್ಪು ಅವಳದೇ ಎಂದು ಮಾಲೀಕ ಅವಳನ್ನು ಕೆಲಸದಿಂದ ತೆಗೆದ.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಬಂದಾಗ ವಿಡಿಯೊ ಎಡಿಟಿಂಗ್ ಕೋಣೆಯಲ್ಲಿ ಇನ್ನೂ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಆರು ಮೇಜು, ಒಂದು ಕರಕಲು. ಗೋಡೆಯ ಇಂಟರ್‌ನೆಟ್ ಪೆಟ್ಟಿಗೆಯೂ ಕರಗಿ ಜೋತುಬಿದ್ದಿತ್ತು.

ರಿಪೇರಿಯವನು ಸುಟ್ಟ ಯಂತ್ರ ಬಿಚ್ಚಿದ.

"ಓವರ್‌ಕ್ಲಾಕ್ ಮಾಡಿದಾರೆ ಮೇಡಂ. ಜಾಸ್ತಿ ಕರೆಂಟು ಉಣಿಸಿ ಪ್ರೊಸೆಸರನ್ನ ಶಕ್ತಿ ಮೀರಿ ಓಡ್ಸಿದಾರೆ. ಇದೋ ಅಗ್ಗದ ಮದರ್‌ಬೋರ್ಡು. ಕರೆಂಟು ಹಂಚೋ ಜಾಗಕ್ಕೆ ಶಾಖ ಹೀರೋ ಲೋಹದ ತುಂಡೂ ಇಲ್ಲ. ಎಷ್ಟಂತ ತಡಕೊಳ್ಳುತ್ತೆ?"

"ಮಾಡಿದ್ದು ನೀವೇನಾ?"

"ಜೋಡಿಸಿ ಕೊಟ್ಟಿದ್ದಷ್ಟೇ ನಾನು. ಆಮೇಲೆ ಈ ಕಡೆ ಕಾಲಿಟ್ಟಿಲ್ಲ."

ಆಕೆಗೆ ಪೂರ್ತಿ ನಂಬಿಕೆ ಬರಲಿಲ್ಲ. ಯಂತ್ರದ ಒಳಹೊರಗು ಬಲ್ಲವನು ಅವನೊಬ್ಬನೇ ಎನಿಸಿತು.

ಮಾಲೀಕ ನಡುವೆ ಬಾಯಿ ಹಾಕಿದ. "ಅವಳಿಗೆ ಆಟದ ಹುಚ್ಚು ಮೇಡಂ. ಅದಕ್ಕೇ ವೇಗ ಏರಿಸ್ಕೊಂಡಿದ್ಲು. ಬೇಕಾದ್ರೆ ಉಳಿದ ಐದೂ ನೋಡಿ, ಎಲ್ಲ ಮಾಮೂಲಿ ವೇಗದಲ್ಲೇ ಇವೆ."

"ಯಾವ ಆಟ?"

ಉತ್ತರ ಬಂದದ್ದು ಪಕ್ಕದ ಮೇಜಿನಿಂದ. ಅಲ್ಲಿ ಕೂತಿದ್ದವಳು ಹುಡುಗಿಯ ಅಕ್ಕ. "ಊಟದ ಬಿಡುವಲ್ಲಿ ಇಸ್ಪೀಟು. ಎಲೆ ತಿರುಗಿಸೋಕೆ ಅಷ್ಟು ವೇಗ ಬೇಕಾ ಮೇಡಂ?"

ಉಳಿದ ಕೆಲಸಗಾರರಲ್ಲಿ ಯಾರೋ ಕಿಸಕ್ಕೆಂದರು. ಮಾಲೀಕ ಆ ಕಡೆ ನೋಡಿದ. ನಗು ನಿಂತಿತು.

* * *

ಇನ್‌ಸ್ಪೆಕ್ಟರ್ ಐದೂ ಯಂತ್ರಗಳನ್ನು ಹಾಕಿಸಿದಳು. ವೇಗ ಸರಿಯಾಗೇ ಇತ್ತು. ಆಕೆಯ ಕಣ್ಣು ಪರದೆಯ ಮೂಲೆಗೆ ಹೋಯಿತು. ಐದರಲ್ಲೂ ಎಷ್ಟೋ ವರ್ಷ ಹಿಂದಿನ ಒಂದೇ ತಾರೀಖು.

"ಗಡಿಯಾರ ಯಾಕೆ ಹೀಗಾಗುತ್ತೆ?"

"ಬೋರ್ಡಿನ ಪುಟ್ಟ ಬ್ಯಾಟರಿ ಕಿತ್ತು ಮತ್ತೆ ಹಾಕಿದ್ರೆ," ಎಂದ ರಿಪೇರಿಯವನು. "ಇಟ್ಟಿದ್ದ ಸೆಟ್ಟಿಂಗೆಲ್ಲ ಅಳಿಸಿಹೋಗುತ್ತೆ. ವೇಗಾನೂ, ತಾರೀಖೂ. ಇಂಟರ್‌ನೆಟ್ ಇದ್ದಿದ್ರೆ ತಾರೀಖು ತಾನೇ ಸರಿಹೋಗ್ತಿತ್ತು."

"ಒಂದು ಬಿಚ್ಚಿ."

ಬಿಚ್ಚಿದ. ಪ್ರೊಸೆಸರಿನ ಪಕ್ಕ ಬೋರ್ಡು ಸೀದ ರೊಟ್ಟಿಯಂತೆ ಕಂದಿತ್ತು. ಇನ್ನೊಂದರಲ್ಲೂ ಅದೇ ಕಲೆ. ಐದರಲ್ಲೂ.

"ಬೆಂಕಿ ಆರಿಸಿದ ಮೇಲೆ ಬೀಗ ಹಾಕಿದ್ದು ಯಾರು?"

"ನಾನೇ," ಎಂದ ಮಾಲೀಕ. ಅಂದ ಮೇಲೆ ತುಟಿ ಕಚ್ಚಿಕೊಂಡ.

"ಕೀ?"

ಅವನ ಕೈ ಜೇಬಿನ ಮೇಲೆಯೇ ಇತ್ತು.

"ಹೊಸ ಯಂತ್ರ ತರೋ ಬದಲು ಆರನ್ನೂ ಹಿಂಡಿದಿರಿ. ಒಂದು ಹೊತ್ತಿಕೊಳ್ತು. ಉಳಿದವು ಬಾಯಿ ಬಿಡಬಾರದು ಅಂತ ಬೀಗದೊಳಗೆ ಕೂತು ಐದರ ಬ್ಯಾಟರಿಯನ್ನೂ ಕಿತ್ತು ಮತ್ತೆ ಹಾಕಿದಿರಿ. ವೇಗ ಅಳಿಸೋ ಭರದಲ್ಲಿ ತಾರೀಖು ಮರೆತಿರಿ. ರಿಪೇರಿ ಮಾಡೋ ಇವರ ಹತ್ರ ಕೀ ಇಲ್ಲ. ಆ ಹುಡುಗಿ ಆಸ್ಪತ್ರೆಯಲ್ಲಿದ್ದಳು, ಬ್ಯಾಟರಿ ಕೀಳೋಕೆ ಅವಳಿಗೆ ಬೆರಳೇ ನೆಟ್ಟಗಿಲ್ಲ."

ಮಾಲೀಕ ಅಕ್ಕನ ಕಡೆ ತಿರುಗಿ ದನಿ ತಗ್ಗಿಸಿದ.

"ನೀನಾದ್ರೂ ಹೇಳಮ್ಮ, ವೇಗ ಏರಿಸಿದ್ದು ನಿನ್ನ ತಂಗೀನೇ ಅಂತ. ಮನೇಲಿ ದುಡಿಯೋಳು ಈಗ ನೀನೊಬ್ಬಳೇ. ನಿನ್ನ ಕೆಲಸ ಉಳಿಯುತ್ತೆ. ಹೇಳಿ ಕೂತ್ಕೋ, ಕೆಲಸ ಬಾಕಿ ಇದೆ."

ಅವಳು ಎದ್ದು ನಿಂತಳು. ತನ್ನ ಯಂತ್ರದ ಪ್ಲಗ್ ಕಿತ್ತಳು.

"ಹೇಳಲ್ಲ. ಕೂರೋದೂ ಇಲ್ಲ."

ಹಿಂದೆ ಇನ್ನೊಂದು ಕುರ್ಚಿ ಸರಿದ ಸದ್ದಾಯಿತು.