ಅವರೆ ಗಿಡದ ಉಪವಾಸ

“ಕರ್ರಗಾತ್ರಿ! ಇದೂ ಕರ್ರಗಾತ್ರಿ ಟೀಚರ್!” ರೂಪೇಶ ಬೆಂಚಿನ ಮೇಲೆ ಹತ್ತಿ ಕೂಗಿದ.

ಬ್ರಾಹ್ಮಿ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು. ಎರಡು ತಾಟು, ಎರಡು ಅವರೆ ಎಲೆ. ಒಂದು ಅಂಗಳದ ಬಿಸಿಲಲ್ಲಿದ್ದ ಗಿಡದ್ದು. ಇನ್ನೊಂದು ಅವಳು ಮನೆಯ ಕಪಾಟಿನೊಳಗೆ, ಕತ್ತಲಲ್ಲಿ ಬಚ್ಚಿಟ್ಟ ಗಿಡದ್ದು. ಕಾಂಚನ ಟೀಚರ್ ಎರಡೂ ಎಲೆಗಳ ಹಸಿರು ತೆಗೆದು, ಮೇಲೆ ಅಯೋಡಿನ್ ಹನಿ ಹಾಕಿದ್ದರು. ಎಲೆಯಲ್ಲಿ ಪಿಷ್ಟ ಇದ್ದರೆ, ಅಂದರೆ ಗಿಡ ತಾನೇ ಮಾಡಿ ಕೂಡಿಟ್ಟುಕೊಂಡ ಊಟ ಇದ್ದರೆ, ಅದು ಕಪ್ಪಾಗಬೇಕು. ಕತ್ತಲಲ್ಲಿದ್ದ ಎಲೆ ಕಪ್ಪಾಗಬಾರದು. ಆದರೆ ಆ ಎಲೆ ಹೆಂಚಿನ ತಳದ ಹಾಗೆ ಕರ್ರಗೆ ಕೂತಿತ್ತು!

“ಬ್ರಾಹ್ಮಿಯ ಗಿಡ ಕದ್ದ ಉಂಡೈತ್ರಿ!” ಅಂದ ರೂಪೇಶ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಬ್ರಾಹ್ಮಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಟೀಚರ್ ನಗಲಿಲ್ಲ. “ಬಿಸಲು ಇಲ್ಲದ ಗಿಡ ಅಡಗಿ ಮಾಡೂದಿಲ್ಲ. ಯಾರೋ ಇದನ್ನ ಹೊರಗ ತಗದಾರ. ಶನಿವಾರ ಇನ್ನೊಮ್ಮಿ ಮಾಡಿ ತೋರಸು ಬ್ರಾಹ್ಮಿ. ಸರಿ ಬಂತಂದ್ರ ನಿಪ್ಪಾಣಿ ಎಕ್ಸಿಬಿಷನ್ನಿಗೆ ನೀನು. ಇಲ್ಲಂದ್ರ ರೂಪೇಶನ ಜ್ವಾಲಾಮುಖಿ.”

ಅಯ್ಯಯ್ಯೋ, ಆ ಜ್ವಾಲಾಮುಖಿ! ಹೋದ ವಾರ ಅದು ಉಕ್ಕಿ ಹೆಡ್ ಸರ್ ಪ್ಯಾಂಟೆಲ್ಲ ಕೆಂಪಾಗಿತ್ತು. ಅದಕ್ಕೆ ಸೋಲುವುದಕ್ಕಿಂತ ಗಣಿತದಲ್ಲಿ ಸೊನ್ನೆ ತಗೊಳ್ಳುವುದೇ ವಾಸಿ ಅನಿಸಿತು ಅವಳಿಗೆ.

ಮನೆಗೆ ಬಂದವಳೇ ಬ್ಯಾಗು ಎಸೆದು ತಮ್ಮ ಸಮ್ಮೇದನ ಕಾಲರ್ ಹಿಡಿದಳು. “ಖರೇ ಹೇಳಲೇ, ಗಿಡ ಯಾಕ ಹೊರಗ ತಗದಿ?”

ಸಮ್ಮೇದನ ಬಾಯಿ ತುಂಬ ಚುರಮುರಿ ಇತ್ತು. “ನನಗ ನಾ ತಿನ್ನೂದರಾಗ ಪುರಸೊತ್ತಿಲ್ಲ. ನಿನ್ನ ಗಿಡಕ್ಕ ಯಾರ ಉಣಸ್ತಾರ?”

ಅದೂ ನಿಜವೇ. ಸಮ್ಮೇದನನ್ನು ಬಲ್ಲವರು ಯಾರೂ ಆ ಮಾತು ಅನುಮಾನಿಸುವುದಿಲ್ಲ.

“ಅವನ್ನ ಬಿಡ. ನಾನ ತಗದೇನಿ,” ಅಂತ ಕಟ್ಟೆಯ ಮೇಲಿಂದ ದನಿ ಬಂತು. ಅಕ್ಕಿ ಆರಿಸುತ್ತ ಕೂತಿದ್ದ ಅಜ್ಜಿ ಸುಗಂಧಾ. ಮಕ್ಕಳಿಗೆ ಅವಳು ಆಯಿ.

“ಆಯೀ! ಯಾಕ?”

“ಯಾಕಂದ್ರ? ಹಸಿರು ಜೀವ, ಕತ್ತಲಾಗ ಉಪಾಸ ಕೆಡವಿದಿ. ನನ್ನ ಗಂಟಲಾಗ ತುತ್ತು ಇಳೀಲಿಲ್ಲ ನೋಡ. ನೀ ಶಾಲಿಗೆ ಹೋದ ಕೂಡ್ಲೆ ಮಾಳಗಿ ಮ್ಯಾಲ ಇಡ್ತಿದ್ದೆ.” ಆಮೇಲೆ ಹೆಮ್ಮೆಯಿಂದ ಸೇರಿಸಿದಳು, “ಖರೇ, ಹೊತ್ತು ಮುಳುಗೂದರಾಗ ಉಣಿಸಿ ಒಳಗ ಇಟ್ಟೇನಿ ಮತ್ತ!”

ಆಯಿಯ ಲೆಕ್ಕದಲ್ಲಿ ಗಿಡವೂ ಜೈನರ ಮನೆಯದೇ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಗಿಡಕ್ಕೆ ಬೇರೆ ಕಾಯಿದೆ ಯಾಕೆ?

ಬ್ರಾಹ್ಮಿಗೆ ಅಳುವೂ ಬಂತು, ನಗುವೂ ಬಂತು. ಆಯಿಯ ಪಕ್ಕ ಕೂತಳು. “ಆಯಿ, ಕೇಳ. ಎಲಿ ಅಂದ್ರ ಗಿಡದ ಅಡಗಿಮನಿ. ಬಿಸಲ ಅದರ ಒಲಿ. ನೀರು, ಗಾಳಿ ತಗೊಂಡು ಹಗಲೆಲ್ಲಾ ಅಡಗಿ ಮಾಡತೈತಿ.”

“ರಾತ್ರಿ?”

“ರಾತ್ರಿ ಒಲಿ ಬಂದ್.”

“ನಮ್ಮಂಗ!” ಆಯಿಗೆ ಭಾರೀ ಖುಷಿಯಾಯಿತು. “ಶಾಣ್ಯಾ ಗಿಡ.”

“ಆದ್ರ ಉಸಿರಾಡೂದು ಹಗಲೂ ರಾತ್ರಿ ಇರತೈತಿ. ಕೂಡಿಟ್ಟ ಊಟಾನ ಉಸಿರಿನ ಗಾಳಿ ಕರಗಿಸಿ ಶಕ್ತಿ ಕೊಡತೈತಿ. ನೀ ಚತುರ್ದಶಿಗೆ ನೀರೂ ಕುಡಿಯೂದಿಲ್ಲ. ಆದ್ರೂ ಬಸದಿತನಕ ನಡಕೊಂತ ಹೋಗ್ತಿ. ಹೆಂಗ?”

“ಹಿಂದ ಉಂಡಿದ್ದು ಒಳಗ ಇರತೈತೆಲ್ಲ ಹುಚ್ಚಿ.”

“ಹಾಂ! ಗಿಡದ್ದೂ ಹಂಗ. ಕತ್ತಲಾಗ ಇಟ್ರ ಕೂಡಿಟ್ಟಿದ್ದು ಖರ್ಚಾಗತೈತಿ. ಎಲಿ ಖಾಲಿ ಆತಂದ್ರ ಅಯೋಡಿನ್ ಹಾಕಿದ್ರೂ ಕರ್ರಗಾಗೂದಿಲ್ಲ. ಅದನ್ನ ನಾ ತೋರಸಬೇಕು.”

ಆಯಿ ಅಕ್ಕಿಯೊಳಗಿನ ಹರಳೊಂದನ್ನು ಎತ್ತಿ ಎಸೆದಳು. “ಎಲ್ಲಾ ಖರೇ. ಆದ್ರ ನನ್ನ ಉಪಾಸ ನಾ ಮನಸಿಲೆ ಮಾಡ್ತೀನಿ. ನೀ ಗಿಡಾನ ಒಂದ ಮಾತ ಕೇಳಿದ್ಯಾ?”

ಬ್ರಾಹ್ಮಿ ಉಗುರು ಕಚ್ಚಿದಳು.

“ಇರ್ಲಿ,” ಅಂದಳು ಆಯಿ. “ಶುಕ್ರವಾರ ನಂದೂ ಚತುರ್ದಶಿ ಉಪಾಸ. ಗಿಡಕ್ಕ ಜೋಡಿ ಆತು. ನೀ ಹೇಳೂತನಕ ಕಪಾಟ ಮುಟ್ಟಂಗಿಲ್ಲ. ಆದ್ರ ಶನಿವಾರ ಮೊದಲ ಅದರ ಪಾರಣಿ, ಆಮ್ಯಾಲ ನಂದು.”

ಪಾರಣೆ ಅಂದರೆ ಉಪವಾಸ ಬಿಡುವುದು. ಬ್ರಾಹ್ಮಿ ಕೈ ಮೇಲೆ ಕೈ ಹಾಕಿ ಒಪ್ಪಿದಳು. ಗಿಡ ಮತ್ತೆ ಕಪಾಟು ಸೇರಿತು.

ಶನಿವಾರ ಮುಂಜಾನೆ ಶಾಲೆ. ಬ್ರಾಹ್ಮಿ ಎದ್ದಿದ್ದೇ ತಡ. ಒಂದು ಕಾಲಲ್ಲಿ ಸಾಕ್ಸು, ಇನ್ನೊಂದು ಬರಿಗಾಲು. ಕಪಾಟು ತೆರೆದು ಒಂದು ಎಲೆ ಕಿತ್ತುಕೊಂಡು, ಬಾಗಿಲು ಧಡ್ ಅಂತ ಹಾಕಿ, ಅಂಗಳದ ಗಿಡದಿಂದಲೂ ಒಂದು ಎಲೆ ಕಿತ್ತು ಓಡಿದಳು. “ಏ ಬ್ರಾಹ್ಮಿ, ಪಾರಣಿ...” ಅಂತ ಆಯಿ ಕೂಗಿದ್ದು ಓಣಿಯ ತಿರುವಿನಲ್ಲೇ ಉಳಿಯಿತು.

ಟೀಚರ್ ಅಯೋಡಿನ್ ಹಾಕಿದರು. ಬಿಸಿಲಿನ ಎಲೆ ಕಪ್ಪಾಯಿತು. ಕಪಾಟಿನ ಎಲೆ? ಎಷ್ಟು ಹೊತ್ತು ಕಾದರೂ ಕಪ್ಪಾಗಲಿಲ್ಲ. ರೂಪೇಶ ತಾಟಿಗೆ ಮೂಗು ತಾಗಿಸಿ ನೋಡಿ, “ಇವತ್ತ ಖರೇನ ಉಪಾಸ ಐತ್ರಿ,” ಅಂದ.

“ನಿಪ್ಪಾಣಿಗೆ ಬ್ರಾಹ್ಮಿ!” ಅಂದರು ಟೀಚರ್. ಎಲ್ಲರೂ ಚಪ್ಪಾಳೆ ತಟ್ಟಿದರು.

ಉಪಾಸ! ಬ್ರಾಹ್ಮಿಗೆ ಆಗ ನೆನಪಾಯಿತು. ಗಿಡ ಇನ್ನೂ ಕಪಾಟಿನಲ್ಲೇ ಇತ್ತು. ಗಿಡದ ಪಾರಣೆ ಆಗಿಲ್ಲ ಅಂದರೆ...

ಶಾಲೆ ಬಿಟ್ಟ ಕೂಡಲೇ ಓಡಿದಳು. ನೆತ್ತಿ ಸುಡುವ ಬಿಸಿಲು. ಮನೆಯೊಳಗೆ ಆಯಿ ಕಪಾಟಿಗೆ ಬೆನ್ನು ಕೊಟ್ಟು ಕೂತಿದ್ದಳು. ಮುಂದೆ ನೀರಿನ ಲೋಟ, ಮೇಲೆ ಮುಚ್ಚಿದ ತಾಟು. ತುಟಿ ಒಣಗಿತ್ತು.

“ಆಯಿ, ನೀರರ ಕುಡೀಬೇಕಿಲ್ಲೋ!”

“ನೀ ಹೇಳೂತನಕ ಕಪಾಟ ಮುಟ್ಟಂಗಿಲ್ಲ ಅಂದಿದ್ನೆಲ್ಲ,” ಅಂದಳು ಆಯಿ ಸಣ್ಣ ದನಿಯಲ್ಲಿ. “ನಿನ್ನ ಎಲಿ ಏನಾತು?”

ಬ್ರಾಹ್ಮಿ ಅವಳನ್ನು ಪಕ್ಕಕ್ಕೆ ಸರಿಸಿ ಕಪಾಟು ತೆರೆದಳು. ಅವರೆ ಗಿಡ ಬಾಡಿ ಜೋತಿತ್ತು. ಗಿಡದ ಡಬ್ಬಿಯನ್ನು ಅವಚಿಕೊಂಡು ಅಂಗಳಕ್ಕೆ ತಂದು, ನೀರು ಹಾಕಿ ಬಿಸಿಲಿಗೆ ಇಟ್ಟಳು. ಓಡಿ ಬಂದು ಲೋಟವನ್ನು ಆಯಿಯ ಕೈಗೆ ಕೊಟ್ಟಳು. ಆಯಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಅಂದು, ಗುಟುಕು ಗುಟುಕಾಗಿ ಕುಡಿದಳು. ಆ ಲೋಟ ಖಾಲಿಯಾಗುವತನಕ ಬ್ರಾಹ್ಮಿ ಮಿಸುಕಲಿಲ್ಲ.

“ಗೆದ್ದೆ ಆಯಿ,” ಅಂದಳು ಆಮೇಲೆ, ಆಯಿಯನ್ನು ಅಂಗಳಕ್ಕೆ ಕರೆತಂದು. “ನಿಪ್ಪಾಣಿಗೆ ಹೋಗ್ತೀನಿ.”

“ಹಂಗಾರ ಪಾಪ, ಇದು ಮತ್ತ ಕಪಾಟಿಗೆ.”

ಬ್ರಾಹ್ಮಿ ಬ್ಯಾಗಿನಿಂದ ಕಪ್ಪು ಕಾಗದ ತೆಗೆದಳು. ಚಿಕ್ಕ ತುಂಡು ಕತ್ತರಿಸಿ, ಒಂದೇ ಒಂದು ಎಲೆಯ ನಡುವೆ ಮುಚ್ಚಿ, ಮೆತ್ತಗೆ ಪಿನ್ನು ಹಾಕಿದಳು.

“ಇಷ್ಟ ಜಾಗಾ ಕತ್ತಲಾಗಿದ್ರ ಸಾಕು,” ಅಂದಳು. “ಉಳಿದದ್ದು ಉಣ್ಣಲಿ.”

ಆಯಿ ಮೊಮ್ಮಗಳನ್ನೇ ನೋಡಿದಳು. ಆಮೇಲೆ ಒಳಗೆ ತಿರುಗಿ, “ಸಮ್ಮೇದಾ, ಆ ಚುರಮುರಿ ಡಬ್ಬಿ ತಾರೋ, ನಿಮ್ಮಕ್ಕ ಇನ್ನೂ ಏನೂ ತಿಂದಿಲ್ಲ,” ಅಂತ ಕೂಗಿದಳು.

ಡಬ್ಬಿ ಬಂತು. ಖಾಲಿಯಾಗಿತ್ತು.